ಸಿವುಡು, ಕೊಡಲಿ ಮತ್ತು ಕಂಟ್ರೋಲ್

ಇತಿಹಾಸದ ಪುಸ್ತಕದಲ್ಲಿ ಮಹಾಯುದ್ಧದ ಪಾಠ ಬಂತೆಂದರೆ ಹುಡುಗಿಯರ ಮುಖ ಬಾಡುತ್ತದೆ. ಸಾಮ್ರಾಜ್ಯಶಾಹಿ, ಫ್ಯಾಸಿಸಂ, ನಾಜಿವಾದ, ಅಕ್ಷರಾಷ್ಟ್ರ – ಒಂದೊಂದೂ ಬಾಯಿಪಾಠಕ್ಕೆಂದೇ ಹುಟ್ಟಿದಂಥ ಪದ. 'ಅವೆಲ್ಲಾ ಗಂಡಸರು ಪೇಪರ್ ಓದಿ ಆಡೂ ಮಾತು' ಎಂದು ನಮ್ಮ ಓಣಿಯ ಹೆಂಗಸರು ಸರಿದುಬಿಡುತ್ತಿದ್ದರು. ನನಗೇಕೋ ಈ ಪದಗಳು ನಮ್ಮ ಬೆಳವಣಕಿಯ ಎರಿಹೊಲಕ್ಕೆ, ಅಡಿಗೆಮನೆಗೆ ಅಷ್ಟೇನೂ ದೂರದವಲ್ಲ ಎನಿಸುತ್ತದೆ.

ಸಾಮ್ರಾಜ್ಯಶಾಹಿಯನ್ನೇ ನೋಡಿ. ಅದನ್ನು ಅರಿಯಲು ಲಂಡನ್ನಿಗೆ ಹೋಗಬೇಕಿಲ್ಲ, ನೆರೆಯ ನರಗುಂದಕ್ಕೆ ಹೋದರೆ ಸಾಕು. ಅಲ್ಲಿಯ ಸಂಸ್ಥಾನಿಕ ಬಾಬಾಸಾಹೇಬ ಭಾವೆಗೆ ವಾರಸುದಾರ ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳುತ್ತೇನೆಂದರೆ ಕಂಪನಿ ಸರಕಾರ ಒಪ್ಪಲಿಲ್ಲ. ನಮ್ಮಲ್ಲಿ ದತ್ತಕವೆಂದರೆ ಹಿರಿಯರು, ಬಳಗದವರು ಕೂತು ಮುಗಿಸುವ ಮಾತು. ಸಮುದ್ರದಾಚೆಯವರಿಗೆ ಅದರಲ್ಲೇನು ಕೆಲಸ? ಆದರೆ ವಾರಸುದಾರನಿಲ್ಲದ ಸಂಸ್ಥಾನ ತಮಗೇ ಸೇರಬೇಕೆಂಬುದು ಅವರ ಕಾಯಿದೆ. 1858ರಲ್ಲಿ ಆತ ಬಂಡಾಯವೆದ್ದ. ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಯ ಪಾಲಾದರು. ಪುಸ್ತಕಗಳು ಅವನ ಶೌರ್ಯವನ್ನು ಪುಟಗಟ್ಟಲೆ ಬರೆದು ಈ ಇಬ್ಬರನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಹೀಗೆ ಕಂಡವರ ಮನೆ ನುಂಗಿ ಬೆಳೆದ ದೊರೆಗಳೇ 1914ರಲ್ಲಿ ತಮ್ಮತಮ್ಮೊಳಗೆ ಹೊಡೆದಾಡಿದರು.

ಇನ್ನು ಫ್ಯಾಸಿಸಂ. ಇಟಲಿಯ ಭಾಷೆಯ 'ಫ್ಯಾಶೋ' ಎಂದರೆ ಕಟ್ಟು. ನಮ್ಮ ಮಾತಿನಲ್ಲಿ ಸಿವುಡು. ಪ್ರಾಚೀನ ರೋಮಿನ ಅಧಿಕಾರಿಗಳ ಮುಂದೆ ಸೇವಕರು ಕೋಲುಗಳ ಕಟ್ಟು ಹೊತ್ತು ನಡೆಯುತ್ತಿದ್ದರು, ಅದರೊಳಗೊಂದು ಕೊಡಲಿ. ಮುಸೊಲಿನಿ ಅದನ್ನೇ ತನ್ನ ಪಕ್ಷದ ಗುರುತು ಮಾಡಿಕೊಂಡು 1922ರಲ್ಲಿ ಅಧಿಕಾರ ಹಿಡಿದ. ಒಂಟಿ ಕಡ್ಡಿ ಮುರಿಯುತ್ತದೆ, ಕಟ್ಟು ಮುರಿಯದು ಎಂಬ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿದವರೇ. ಆದರೆ ಜೋಳದ ಕಣಿಕೆಯ ಸಿವುಡು ಕಟ್ಟಿದ ಹೆಂಗಸಿಗೆ ಇನ್ನೊಂದೂ ಗೊತ್ತು: ಕಟ್ಟು ಬಿಗಿಯಾದಷ್ಟೂ ಒಳಗಿನ ದಂಟಿಗೆ ಮಿಸುಕಾಡಲು ಜಾಗವಿಲ್ಲ. ಕೊಡಲಿ ಯಾರ ಕೈಯಲ್ಲಿ ಎಂಬುದನ್ನಂತೂ ಆ ಕಥೆ ಹೇಳುವುದೇ ಇಲ್ಲ. 'ಅಕ್ಷ'ವೂ ಮುಸೊಲಿನಿಯ ಮಾತೇ. ಅಕ್ಷವೆಂದರೆ ಬಂಡಿಯ ಅಚ್ಚು. ರೋಮ್–ಬರ್ಲಿನ್ ಅಚ್ಚಿನ ಸುತ್ತ ಯುರೋಪು ತಿರುಗಬೇಕೆಂದು 1936ರಲ್ಲಿ ಅವನ ಬಯಕೆ. ಮುಂದೆ ಜಪಾನೂ ಆ ಬಂಡಿ ಹತ್ತಿತು.

ಹಿಟ್ಲರನದು ಹೆಸರಿನ ಜಾಣತನ. ಅವನ ಪಕ್ಷದ ಹೆಸರಿನಲ್ಲಿ 'ಸಮಾಜವಾದಿ'ಯೂ ಇತ್ತು, 'ಕಾರ್ಮಿಕ'ರೂ ಇದ್ದರು. 1933ರ ಜನವರಿಯಲ್ಲಿ ಅಧಿಕಾರಕ್ಕೆ ಬಂದವನು ಮೇ 2ರಂದು ಕಾರ್ಮಿಕ ಸಂಘಗಳನ್ನೇ ಮುಚ್ಚಿಸಿದ. ಸಮಾಜವಾದಿಗಳು ಜೈಲು ಕಂಡರು. ಕನ್ನಡದಲ್ಲಿ ವಾದವೆಂದರೆ ಚರ್ಚೆಯೂ ಹೌದು. ಎದುರು ಮಾತಾಡಿದವರನ್ನು ಬದುಕಗೊಡದ ನಾಜಿಗಳಿಗೆ 'ವಾದ'ವೆಂಬ ಬಾಲ ಹಚ್ಚಿದ್ದು ನನಗಂತೂ ಸೇರುವುದಿಲ್ಲ. ಸ್ಟಾಲಿನ್ನನ ರಶಿಯಾದ ಸಮತಾವಾದಕ್ಕೂ ಇದೇ ಮಾತು.

ಎರಡನೆಯ ಮಹಾಯುದ್ಧ ನಮ್ಮೂರಿಗೆ ಬಂದದ್ದು ಬಾಂಬಿನ ರೂಪದಲ್ಲಲ್ಲ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ದಿಲ್ಲಿಯ ಶಾಸನಸಭೆಯನ್ನೇ ಕೇಳಲಿಲ್ಲವೆಂದ ಮೇಲೆ, ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಮೂಲೆಯಲ್ಲಿದ್ದ ಬೆಳವಣಕಿಯನ್ನು ಇನ್ನಾರು ಕೇಳಿಯಾರು! 1942ರಲ್ಲಿ ಬರ್ಮಾ ಜಪಾನಿನ ಕೈಸೇರಿದಾಗ ಅಲ್ಲಿಂದ ಬರುತ್ತಿದ್ದ ಸೀಮೆಎಣ್ಣೆ ನಿಂತಿತು. ಮಿಲ್ಲಿನ ಬಟ್ಟೆ ಸೈನ್ಯಕ್ಕೆ ಹೋಯಿತು, ಊರಲ್ಲಿ ತುಟ್ಟಿಯಾಯಿತು. 1943ರ ಜೂನಿನಲ್ಲಿ ಅದರ ಮೇಲೆ ಸರಕಾರದ ನಿಯಂತ್ರಣ ಬಂತು. ಬೆನ್ನಿಗೇ ಕಾಳಸಂತೆಯೂ ಬಂತು.

ನಮ್ಮಜ್ಜಿಗೆ ಅಕ್ಷರಾಷ್ಟ್ರ ಗೊತ್ತಿರಲಿಲ್ಲ. ಕಂಟ್ರೋಲ್ ಗೊತ್ತಿತ್ತು. "ಕಂಟ್ರೋಲ್ ಬಂದಾಗ ಚಿಮಣಿ ಎಣ್ಣಿ ಸಿಗತಿದ್ದಿಲ್ಲ. ಹೊತ್ತು ಮುಳುಗೂದರಾಗ ಉಂಡು ಮಲಗತಿದ್ವಿ. ಇದ್ದ ಎರಡು ಸೀರಿಯೊಳಗ ಒಂದನ್ನ ಹರದು ಹುಡುಗರಿಗೆ ಅಂಗಿ ಹೊಲದೆ" ಎನ್ನುತ್ತಿದ್ದಳು. ಅದು ಯಾರ ಯುದ್ಧವೆಂದು ಕೇಳಿದರೆ, "ಯಾರದೋ ಏನೋ, ನಮ್ಮನ್ನ ಕೇಳಿ ಮಾಡಿದ್ರೇನು?" ಎಂದು ರೊಟ್ಟಿ ಬಡಿಯುವ ಸಪ್ಪಳ ಜೋರು ಮಾಡುತ್ತಿದ್ದಳು.

ಯುದ್ಧ 1945ರಲ್ಲಿ ಮುಗಿಯಿತು, ಪದ ಉಳಿಯಿತು. ಬೋರ್ಡಿನ ಮೇಲೆ 'ನ್ಯಾಯಬೆಲೆ ಅಂಗಡಿ' ಎಂದು ಬರೆದು ಎಷ್ಟೋ ವರ್ಷಗಳಾದ ಮೇಲೂ, ಚೀಲ ಹಿಡಿದು ಹೊರಟ ಹಿರಿಯ ಹೆಂಗಸನ್ನು ಎಲ್ಲಿಗೆಂದು ಕೇಳಿದರೆ 'ಕಂಟ್ರೋಲಿಗೆ' ಎಂಬುದೇ ಉತ್ತರವಾಗಿತ್ತು.