ಚಪ್ಪಾಳೆ ಕೇಳುವ ಕಿವಿಗೆ ಆನೆಯ ದನಿ ಕೇಳೀತೇ?

ಸಕಲೇಶಪುರದಿಂದ ಮಂಗಳೂರಿನ ದಿಕ್ಕಿಗೆ ಹೊರಟರೆ ಮಂಜರಾಬಾದ್ ಕೋಟೆಯ ಆಸುಪಾಸಿನಲ್ಲಿ ಸಿಗುವ ಊರು ಆನೇಮಹಲ್. ಅತ್ತ ಹೆದ್ದಾರಿ 75ರ ಲಾರಿಗಳ ಮೊರೆತ, ಇತ್ತ ಕಾಫಿ ತೋಟ. ಆಲೂರು, ಸಕಲೇಶಪುರ ಸೀಮೆಯ ತೋಟಗಳಲ್ಲಿ ಆನೆಗಳು ಬೀಡುಬಿಟ್ಟು ದಶಕಗಳೇ ಕಳೆದಿವೆ. ಗಿಡದ ಮರೆಯಲ್ಲಿ ಆನೆ ನಿಂತಿದೆಯೆಂದು ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ ಗೊತ್ತಾಗುವುದು ಎಷ್ಟೋ ಸಲ ತೀರ ಹತ್ತಿರ ಹೋದಮೇಲೆ. ಹಾಗಾಗಿ ಈ ಕಡೆಯ ಮಕ್ಕಳ ಕೈಗೆ ಸೌಂಡ್ ಸೆನ್ಸರ್ ಸಿಕ್ಕರೆ, ಇದಕ್ಕೆ ಆನೆ ಬಂದದ್ದು ತಿಳಿಯುತ್ತದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಅದು ಬಹಳ ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು ಸೆನ್ಸರನ್ನೇ ನೋಡೋಣ.

ಸೆನ್ಸರಿನ ಮೇಲೆ ಕಾಣುವ ದುಂಡನೆಯ ಲೋಹದ ಡಬ್ಬಿಯ ಮೂಲ 1962ರದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಲೆಕ್ಟ್ರೆಟ್ ಮೈಕನ್ನು ರೂಪಿಸಿದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಕಂಡೆನ್ಸರ್ ಮೈಕ್’ ಎಂದು ಕೇಳಿದರೆ ಕೊಡುವುದು ಇದನ್ನೇ. ನಮ್ಮ ಹವ್ಯಾಸಿಗಳು ಇದರಿಂದ ಮೊದಲು ಮಾಡಿದ್ದು ಚಪ್ಪಾಳೆ ಸ್ವಿಚ್. ಒಂದು ಮೈಕ್, ಒಂದೆರಡು ಟ್ರಾನ್ಸಿಸ್ಟರ್, 555 ಐಸಿ, ಒಂದು ರಿಲೇ. ಚಪ್ಪಾಳೆ ತಟ್ಟಿದರೆ ಬಲ್ಬು ಹತ್ತುತ್ತಿತ್ತು. ಬೆಸುಗೆ ಸರಿಯಿಲ್ಲದಿದ್ದರೆ ಹತ್ತುತ್ತಿರಲಿಲ್ಲ, ಕಲಿಕೆಯೂ ಅಲ್ಲೇ ಇತ್ತು.

2005ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಹಲಗೆ ಹುಟ್ಟಿದ ಮೇಲೆ ಬೆಸುಗೆಯ ಜಾಗಕ್ಕೆ ಜಂಪರ್ ವೈರು ಬಂತು. ಮೈಕು, ಎಲ್‌ಎಂ393 ಐಸಿ, ತಿರುಪಿನಿಂದ ತಿರುಗಿಸುವ ನೀಲಿ ಪ್ರಿಸೆಟ್ ಎಲ್ಲವೂ ಒಂದೇ ಹಲಗೆಯ ಮೇಲೆ ಕೂತ ಕೆವೈ-038ರಂಥ ಮಾಡ್ಯೂಲುಗಳು ಶಾಲೆಯ ಕಿಟ್‌ಗಳಿಗೂ ಸೇರಿದವು. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎಲ್‌ಎಂ393 ಸದ್ದನ್ನು ಹಿಗ್ಗಿಸುವ ಐಸಿ ಎಂದು ಅನೇಕರು ತಿಳಿದಿದ್ದಾರೆ. ಅದು ಕಂಪರೇಟರ್. ಮೈಕಿನ ವೋಲ್ಟೇಜು ಪ್ರಿಸೆಟ್ ಹಾಕಿದ ಗೆರೆಯನ್ನು ದಾಟಿತೇ ಎಂದು ನೋಡಿ ಹೌದು ಅಥವಾ ಇಲ್ಲ ಎನ್ನುವುದಷ್ಟೇ ಅದರ ಕೆಲಸ. ಅನಲಾಗ್ ಕಾಲಿಗೆ ಬರುವುದು ಹೆಚ್ಚುಕಡಿಮೆ ಮೈಕಿನ ಹಸಿ ಸಂಕೇತ. ಆರ್ಡುಯಿನೋ ಯೂನೋ 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಅಳೆಯುತ್ತದೆ. ಒಂದು ಮೆಟ್ಟಿಲೆಂದರೆ ಸುಮಾರು 4.9 ಮಿಲಿವೋಲ್ಟ್. ಮಾಮೂಲಿ ಮಾತಿಗೆ ಮೈಕು ಹೊಮ್ಮಿಸುವುದೂ ಕೆಲವೇ ಮಿಲಿವೋಲ್ಟ್. ಎದುರು ಕೂತು ಎಷ್ಟು ಮಾತಾಡಿದರೂ ಪರದೆಯ ಮೇಲಿನ ಅಂಕಿ ಕದಲದಿರುವುದಕ್ಕೆ ಕಾರಣ ಇದು. ಮಾಡ್ಯೂಲು ಕೆಟ್ಟಿದೆಯೆಂದು ಎಸೆಯಬೇಕಾಗಿಲ್ಲ.

ಆ ಕೊರತೆ ತುಂಬಿದ್ದು ಆಂಪ್ಲಿಫೈಯರ್ ಇರುವ ಮ್ಯಾಕ್ಸ್4466, ಮ್ಯಾಕ್ಸ್9814 ಹಲಗೆಗಳು. ಬಳಿಕ ಐಎನ್‌ಎಂಪಿ441ರಂಥ ಡಿಜಿಟಲ್ ಮೈಕುಗಳು ಬಂದು, ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರಿನ ಜೊತೆಗೂಡಿ, ಸದ್ದಿನ ಏರಿಳಿತವನ್ನು ಪೂರ್ತಿಯಾಗಿ ದಾಖಲಿಸಲು ದಾರಿಯಾಯಿತು.

ಇನ್ನು ಆನೆ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತ ಸಂಶೋಧಕಿ ಕೇಟಿ ಪೇನ್ ಅವರಿಗೆ ಗಾಳಿಯಲ್ಲಿ ಏನೋ ಮಿಡಿಯುತ್ತಿದೆ ಅನ್ನಿಸಿತು. 1986ರಲ್ಲಿ ಸಂಗಡಿಗರೊಂದಿಗೆ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಆ ಮಿಡಿತ ಆನೆಗಳ ದನಿಯೇ; ಅದರ ಮೂಲ ಆವರ್ತನ 14ರಿಂದ 24 ಹರ್ಟ್ಸ್. ಮನುಷ್ಯನ ಕಿವಿ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ ಮೇಲೆ. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಮಿತಾ ನಾಯರ್, ರೋಹಿಣಿ ಬಾಲಕೃಷ್ಣನ್, ರಾಮನ್ ಸುಕುಮಾರ್ ಮುಂತಾದವರು ದಕ್ಷಿಣ ಭಾರತದ ಕಾಡಾನೆಗಳ ದನಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಘೀಳು, ಚಿಲಿಪಿಲಿಯಂಥ ಸಣ್ಣ ದನಿ, ಗರ್ಜನೆ, ಕೆಳಸ್ವರದ ಗುಡುಗು.

ಈ ಗುಡುಗನ್ನು ಮಾಡ್ಯೂಲಿನ ಪಕ್ಕದಲ್ಲಿಟ್ಟು ನೋಡಿ. ಹವ್ಯಾಸಿಗಳು ಸಾಮಾನ್ಯವಾಗಿ ಸದ್ದನ್ನು ಅಳೆಯುವುದು 50 ಮಿಲಿಸೆಕೆಂಡಿನ ತುಣುಕುಗಳಲ್ಲಿ. 14 ಹರ್ಟ್ಸ್‌ನ ಒಂದು ಅಲೆಗೇ 71 ಮಿಲಿಸೆಕೆಂಡ್ ಬೇಕು. ಒಂದು ಅಲೆಯೂ ಆ ತುಣುಕಿನಲ್ಲಿ ಹಿಡಿಸದು. ಐಎನ್‌ಎಂಪಿ441ರ ಸಮನಾದ ಸ್ಪಂದನ ಶುರುವಾಗುವುದೇ 60 ಹರ್ಟ್ಸ್‌ನಿಂದ. ಘೀಳಿಟ್ಟರೆ ಕೆವೈ-038ರ ದೀಪ ಹತ್ತೀತು, ಆದರೆ ಲಾರಿಯ ಹಾರನ್ನಿಗೂ ತಗಡಿನ ಮೇಲೆ ಬೀಳುವ ಮಳೆಗೂ ಅದು ಹಾಗೆಯೇ ಹತ್ತುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಸುಮ್ಮನೆ ನಿಂತ ಆನೆ. ದೀಪ ಹತ್ತಲಿಲ್ಲ, ದಾರಿ ಸುರಕ್ಷಿತ ಎಂದು ಯಾರಾದರೂ ನಂಬಿದರೆ ಜೀವಕ್ಕೇ ಕುತ್ತು. ಈ ಸೀಮೆಯಲ್ಲಿ ರೇಡಿಯೋ ಕಾಲರ್ ಮತ್ತು ಅರಣ್ಯ ಇಲಾಖೆಯ ಸಿಬ್ಬಂದಿಯ ಮಾಹಿತಿಯಿಂದ ಬರುವ ಎಚ್ಚರಿಕೆಯ ಜಾಗದಲ್ಲಿ ಇದನ್ನು ನಿಲ್ಲಿಸಲೇಬಾರದು.

ಹಾಗಾದರೆ ಆನೇಮಹಲಿನಲ್ಲಿ ಇದಕ್ಕೆ ಕೆಲಸವಿಲ್ಲವೇ? ಬೇಕಾದಷ್ಟಿದೆ. ಸದ್ದು ಗ್ರಹಿಸುವ ಈ ಕ್ಷೇತ್ರ ಈಗ ಸಾಗಿರುವುದು ಸದ್ದು ಎಷ್ಟು ಜೋರು ಎನ್ನುವುದರಿಂದ ಯಾರದು ಎನ್ನುವ ಕಡೆಗೆ. 2007ರಲ್ಲೇ ಸ್ವಾತಿ ದಿವಾಕರ್ ಮತ್ತು ರೋಹಿಣಿ ಬಾಲಕೃಷ್ಣನ್ ಕುದುರೆಮುಖದ ಕಾಡಿನ ಮಿಡತೆ, ಜೀರುಂಡೆಗಳ ಬಗೆಗಳನ್ನು ದನಿಯಿಂದಲೇ ಗುರುತಿಸಿ ತೋರಿಸಿದ್ದರು. ಆಡಿಯೋಮಾತ್ ಎಂಬ ಪುಟ್ಟ ರೆಕಾರ್ಡರನ್ನು ಮರಕ್ಕೆ ಕಟ್ಟಿದರೆ ನಿಗದಿತ ಹೊತ್ತಿಗೆ ತಾನೇ ಎದ್ದು ದಾಖಲಿಸುತ್ತದೆ. ಹಕ್ಕಿಯ ಕೂಗನ್ನು ಗುರುತಿಸುವ ಬರ್ಡ್‌ನೆಟ್ ತಂತ್ರಾಂಶ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೂ ಓಡುತ್ತದೆ. ಆ ಹಾದಿಗೆ ಮೊದಲ ಹೆಜ್ಜೆಯಾಗಿ ಇಎಸ್‌ಪಿ32 ಮತ್ತು ಡಿಜಿಟಲ್ ಮೈಕು ಸಾಕು: ಮುಂಗಾರಿನ ಸಂಜೆಗಳಲ್ಲಿ ತೋಟದ ಕೆರೆಯ ಕಪ್ಪೆಗಳು ಎಷ್ಟು ಗಂಟೆಗೆ ಕೂಗಲು ಶುರುಮಾಡುತ್ತವೆ ಎಂದು ದಿನವೂ ಬರೆದಿಡಬಹುದು. ಮೈಕಿನ ಬಾಯಿ ಕೆಳಮುಖವಾಗಿರಲಿ, ಹಲಗೆ ನೀರು ನುಗ್ಗದ ಡಬ್ಬಿಯಲ್ಲಿರಲಿ. ಜೋರು ಮಳೆ ಹೊಯ್ದ ರಾತ್ರಿಯ ದಾಖಲೆಯನ್ನು ಬೇರೆಯಾಗಿಯೇ ಇಡಿ.