ಕೆಂಪಾದ ಆಲ್ಬಂಗೆ ಬಿಳಿ ಪಂಚೆಯೇ ಸಾಕ್ಷಿ

ಶಿರಾಡಿ ಘಾಟಿ ಇಳಿದು ಮಂಗಳೂರಿನತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಊರು ನೆಲ್ಯಾಡಿ. ಅಡಿಕೆ, ರಬ್ಬರ್ ತೋಟಗಳ ನಡುವಿನ ಇಲ್ಲಿನ ಮನೆಗಳಲ್ಲಿ ಎಪ್ಪತ್ತು-ಎಂಬತ್ತರ ದಶಕದ ಮದುವೆ ಆಲ್ಬಂ ಬಿಚ್ಚಿದರೆ ಚಪ್ಪರದ ಮಾವಿನೆಲೆ ಕಂದಾಗಿ, ವರನ ಬಿಳಿ ಪಂಚೆ ನಸುಗೆಂಪಾಗಿ ಕಾಣುವುದುಂಟು. ಅದಕ್ಕಿಂತ ಹಳೆಯದಾದ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಚಿತ್ರ ಮಾತ್ರ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತದೆ. ಇದೇಕೆ ಹೀಗೆ?

ಕಪ್ಪು-ಬಿಳುಪು ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಬಣ್ಣದ ಚಿತ್ರದಲ್ಲಿರುವುದು ಹಳದಿ, ಮೆಜೆಂಟಾ, ಸಯಾನ್ ಎಂಬ ಮೂರು ಬಣ್ಣಗಳ ಪದರ. ಆ ಕಾಲದ ಹಲವು ಕಾಗದಗಳಲ್ಲಿ, ಮುಚ್ಚಿಟ್ಟ ಆಲ್ಬಂನಲ್ಲೂ ಮೊದಲು ಮಾಸುತ್ತಿದ್ದುದು ಸಯಾನ್. ಕೆಂಪನ್ನು ತಡೆಯುವ ಪದರವೇ ಸೊರಗಿದರೆ ಚಿತ್ರ ಕೆಂಪಾಗದೆ ಇನ್ನೇನು? ಕರಾವಳಿಯ ಸೆಕೆ, ತೇವಾಂಶಗಳು ಈ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತವೆ.

ಸಿನಿಮಾಕ್ಕೂ ಈ ರೋಗ ತಪ್ಪಿದ್ದಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ತೆರೆಕಂಡದ್ದು ಈಸ್ಟ್‌ಮನ್ ಕಲರ್‌ನಲ್ಲಿ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರತಿಗಳು ಜಗತ್ತಿನಾದ್ಯಂತ ಕೆಂಪಡರಿದವು. ಬಾಳಿಕೆ ಬರುವ ಬಣ್ಣಕ್ಕಾಗಿ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 1980ರಲ್ಲಿ ಚಳವಳಿಯನ್ನೇ ಹೂಡಿದ್ದರು.

ಮೊದಲು ಕತ್ತಲೆ ಕೋಣೆಯಲ್ಲಿ ಬಣ್ಣದ ಗಾಜುಗಳಿಂದ ಮಾಡುತ್ತಿದ್ದ ತಿದ್ದುಪಡಿ, 1990ರಲ್ಲಿ ಫೋಟೊಶಾಪ್ ಬಂದ ಬಳಿಕ ಕಂಪ್ಯೂಟರಿಗೆ ವರ್ಗವಾಯಿತು. ಸೂತ್ರ ಸರಳ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಬೂದುಬಣ್ಣ ಎಂದರೆ ಕೆಂಪು, ಹಸಿರು, ನೀಲಿ ಅಂಕಿಗಳು ಸಮವಾಗಿರಬೇಕು. ಸಿಮೆಂಟ್ ಕಂಬದ ಮೇಲೆ ಅವು 160, 130, 125 ಎಂದಿದ್ದರೆ ಕೆಂಪು ಹೆಚ್ಚಾಗಿದೆ ಎಂದರ್ಥ. ಬೆಳಕು ಮತ್ತು ನೆರಳಿನ ಭಾಗಗಳಲ್ಲಿ ಈ ದೋಷ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆದ್ದರಿಂದ ಬಿಳಿ ಪಂಚೆ, ಬೂದು ಕಂಬ, ಕಪ್ಪು ಕೊಡೆ ಹೀಗೆ ಮೂರು ಕಡೆ ಅಳೆದು, ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ಸರಿಪಡಿಸಬೇಕಾಗುತ್ತದೆ.

ಎಡವುವುದೂ ಇಲ್ಲಿಯೇ. ಬಿಳಿ ಎಂದದ್ದೆಲ್ಲ ಬಿಳಿಯಲ್ಲ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ನೆಲ್ಯಾಡಿ ಸುತ್ತ ಬಹಳ. ಕೇರಳದ ಕಸವು ಮುಂಡು ಸಹಜವಾಗಿಯೇ ಕೆನೆಬಣ್ಣದ್ದು. ಅದನ್ನು ಅಚ್ಚಬಿಳಿ ಎಂದು ತಿಳಿದು ತಿದ್ದಿದರೆ ಇಡೀ ಮದುವೆಮನೆ ನೀಲಿಗೆ ತಿರುಗುತ್ತದೆ. ಅರಿಸಿನ ತಾಗಿದ ಪಂಚೆಯ ಪಾಡೂ ಅದೇ. ಚಿತ್ರದ ಸರಾಸರಿ ಬಣ್ಣ ಬೂದು ಎಂದು ಭಾವಿಸುವ ‘ಸ್ವಯಂಚಾಲಿತ’ ತಿದ್ದುಪಡಿಗಳಂತೂ ಹಿಂಬದಿಯ ಅಡಿಕೆ ತೋಟದ ಹಸಿರನ್ನೇ ದೋಷವೆಂದು ಬಗೆದು ಮುಖಗಳನ್ನು ಮತ್ತೆ ಕೆಂಪಾಗಿಸುತ್ತವೆ.

ಹಾಗಾಗಿ ಮೊದಲ ಸ್ಕ್ಯಾನ್ ಪ್ರತಿಯನ್ನು ಮುಟ್ಟದೆ ಕಾದಿರಿಸಿ, ನಕಲಿನ ಮೇಲಷ್ಟೇ ಕೆಲಸ ಮಾಡುವುದು ಲೇಸು. ಧಾರೆ ಸೀರೆ ಹಸಿರಿತ್ತೋ ನೀಲಿಯಿತ್ತೋ ಎಂಬುದನ್ನು ಅಂದು ಅದನ್ನು ಉಟ್ಟವರಲ್ಲಿಯೇ, ಅವರು ಇರುವಾಗಲೇ, ಕೇಳಿ ಬರೆದಿಟ್ಟುಕೊಳ್ಳುವುದು ಇನ್ನೂ ಲೇಸು.