ದೂರ ಮಾರ್ಗದರ್ಶನದ ಪಿಎಚ್.ಡಿ.: ಹಾಸನ ಜಿಲ್ಲೆ

ವಿಶ್ವವಿದ್ಯಾನಿಲಯದ ಆವರಣದಲ್ಲಿ ನೆಲೆಸದೆ, ಊರಲ್ಲೇ ಇದ್ದು, ಮಾರ್ಗದರ್ಶಕರ ಸಲಹೆಯನ್ನು ಅಂಚೆ, ಫೋನು, ಈಚೆಗೆ ಅಂತರಜಾಲದ ಮೂಲಕ ಪಡೆದು ಮಹಾಪ್ರಬಂಧ ಬರೆಯುವ ಪದ್ಧತಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗದಲ್ಲಿ ಹೀಗೆ ಓದುವವರಲ್ಲಿ ಕಾಲೇಜು ಅಧ್ಯಾಪಕರು, ಅತಿಥಿ ಉಪನ್ಯಾಸಕರು, ನೌಕರಿಯಲ್ಲಿರುವ ಎಂಜಿನಿಯರುಗಳು ಸೇರುತ್ತಾರೆ. ಇದನ್ನು ‘ಆನ್‌ಲೈನ್ ಪಿಎಚ್.ಡಿ.’ ಎನ್ನುವವರುಂಟು. ಭಾರತದ ನಿಯಮದಲ್ಲಿ ಅಂಥ ಪದವಿ ಇಲ್ಲ; ಇರುವುದು ಅರೆಕಾಲಿಕ ಪಿಎಚ್.ಡಿ. ಮಾತ್ರ.

ದೂರದಲ್ಲಿದ್ದು ಪರೀಕ್ಷೆ ಕಟ್ಟುವ ಪದ್ಧತಿಗೆ ಲಂಡನ್ ವಿಶ್ವವಿದ್ಯಾನಿಲಯ 1858ರಲ್ಲೇ ದಾರಿ ಮಾಡಿಕೊಟ್ಟಿತು. ಆದರೆ ಸಂಶೋಧನೆಗೆ ಗುರುವಿನ ಸಾಮೀಪ್ಯ ಬೇಕೆಂಬ ಎಣಿಕೆ ಬಹುಕಾಲ ಉಳಿಯಿತು. ಹಾಸನದಲ್ಲಿ 1908ರಲ್ಲಿ ಹುಟ್ಟಿದ ಕಾದಂಬರಿಕಾರ ರಾಜಾರಾವ್ 1929ರಲ್ಲಿ ಹೈದರಾಬಾದ್ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಫ್ರಾನ್ಸಿಗೆ ಹೋದರು. ಮೊದಲು ಮಾಂಟ್‌ಪೆಲಿಯೆ, ಆಮೇಲೆ ಪ್ಯಾರಿಸ್ಸಿನ ಸೋರ್ಬಾನ್. ಅಲ್ಲಿ ಪ್ರೊಫೆಸರ್ ಕಝಮಿಯಾಂ ಅವರ ಕೈಕೆಳಗೆ ಐರಿಷ್ ಸಾಹಿತ್ಯದ ಮೇಲೆ ಭಾರತದ ಪ್ರಭಾವ ಎಂಬ ವಿಷಯ ಹಿಡಿದರು. ಆ ಪ್ರಬಂಧ ಮುಗಿಯಲಿಲ್ಲ, 1938ರಲ್ಲಿ ‘ಕಾಂತಾಪುರ’ ಕಾದಂಬರಿ ಬಂತು. ಜಿಲ್ಲೆಯ ಸಂಶೋಧನಾ ಚರಿತ್ರೆಯ ಮೊದಲ ದೊಡ್ಡ ಹೆಸರೇ ಪದವಿ ಪೂರೈಸದವರದು ಎನ್ನುವುದನ್ನು ಇಲ್ಲಿ ಗಮನಿಸಬಹುದು.

ಪೂರೈಸಿದವರಲ್ಲಿ ಎದ್ದು ಕಾಣುವವರು ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪ. ಹುಬ್ಬಳ್ಳಿಯಲ್ಲೂ ಗುಜರಾತಿನ ವಲ್ಲಭ ವಿದ್ಯಾನಗರದಲ್ಲೂ ತತ್ತ್ವಶಾಸ್ತ್ರ ಪಾಠ ಹೇಳಿದ ಅವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಆ ಮಹಾಪ್ರಬಂಧದ ಕನ್ನಡ ರೂಪ ‘ಸತ್ಯ ಮತ್ತು ಸೌಂದರ್ಯ’ 1966ರಲ್ಲಿ ಪ್ರಕಟವಾಯಿತು. ಪದವಿಯ ಗೊಡವೆಯೇ ಇಲ್ಲದ ಇನ್ನೊಂದು ಪರಂಪರೆಯೂ ಈ ನೆಲದಲ್ಲಿತ್ತು: ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು 1964ರಲ್ಲಿ ಹೊರತಂದ ಸಂಸ್ಕೃತ ಗ್ರಂಥ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ವನ್ನು ಇಂದು ಎಷ್ಟೋ ಮಹಾಪ್ರಬಂಧಗಳು ಆಕರವಾಗಿ ಬಳಸುತ್ತವೆ.

ಜಿಲ್ಲೆಯಲ್ಲಿ ಆಕರಕ್ಕೆ ಕೊರತೆ ಇರಲಿಲ್ಲ. ಶ್ರವಣಬೆಳಗೊಳದ ಶಾಸನಗಳು 1889ರಲ್ಲಿ, ಹಾಸನ ಜಿಲ್ಲೆಯ ಉಳಿದ ಶಾಸನಗಳು 1902ರಲ್ಲಿ ಬಿ.ಎಲ್. ರೈಸ್ ಸಂಪಾದನೆಯ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚಾದವು. ಟಿ.ಎನ್. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಎಂ. ಚಿದಾನಂದಮೂರ್ತಿ ಬರೆದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾದ ಮೇಲೆ, ಊರ ಮುಂದಿನ ಕಲ್ಲಿನಿಂದ ಪಿಎಚ್.ಡಿ. ಬರೆಯಬಹುದೆಂಬ ಧೈರ್ಯ ಕನ್ನಡ ಮೇಷ್ಟರುಗಳಿಗೆ ಬಂತು. ಕಲ್ಲು ಊರಲ್ಲಿತ್ತು, ಗೈಡ್ ಊರಲ್ಲಿರಲಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವೇ ಹತ್ತಿರದ ಆಸರೆ. ಹೊಳೆನರಸೀಪುರದವರಿಗೆ ಮೈಸೂರಿನ ರೈಲಿತ್ತು; ಅರಕಲಗೂಡಿಗೆ ಇಂದಿಗೂ ರೈಲಿಲ್ಲ, ಬಸ್ಸೇ ಗತಿ. ಚನ್ನರಾಯಪಟ್ಟಣದವರು ಬೆಂಗಳೂರಿನ ಕಡೆಗೂ ಹೋಗುತ್ತಿದ್ದರು. ಅಧ್ಯಾಯದ ಹಸ್ತಪ್ರತಿ ಗೈಡ್ ಮನೆಗೆ ಹೋಗಿ, ಕೆಂಪು ಗೆರೆ ಬಿದ್ದು ವಾಪಸಾಗಿ, ಟೈಪಿಂಗ್ ಅಂಗಡಿ ಸೇರುವಷ್ಟರಲ್ಲಿ ತಿಂಗಳುಗಳು ಉರುಳುತ್ತಿದ್ದವು.

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಅದೇ ಬೆಳೆದು 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ತಾಲ್ಲೂಕಿನ ಎಷ್ಟೋ ಜನ ಕೆಲಸ ಬಿಡದೆ ಎಂ.ಎ. ಮುಗಿಸಿ ಸಂಶೋಧನೆಯ ಹೊಸ್ತಿಲಿಗೆ ಬಂದದ್ದು ಈ ಹಾದಿಯಲ್ಲೇ. 2012-13ರ ನಂತರ ಮುಕ್ತ ವಿಶ್ವವಿದ್ಯಾನಿಲಯಕ್ಕಿದ್ದ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ನಿಂತುಹೋಗಿ 2018ರಲ್ಲಿ ಮರಳಿ ಬಂತು. ನಡುವಿನ ವರ್ಷಗಳ ಗೊಂದಲದಿಂದ, ದೂರ ಶಿಕ್ಷಣವೆಂದರೆ ಮಾನ್ಯತೆಯ ಪತ್ರ ಮೊದಲು ನೋಡಬೇಕೆಂಬುದನ್ನು ಜನ ಕಲಿತರು.

ಮಾರ್ಗದರ್ಶಕರನ್ನು ಜಿಲ್ಲೆಯೊಳಗೇ ಒದಗಿಸುವ ಯತ್ನ ತಡವಾಗಿ ನಡೆಯಿತು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದ ಮೇಲೆ ಆ ಕಾಲೇಜಿನ ವಿಭಾಗಗಳು ಸಂಶೋಧನಾ ಕೇಂದ್ರಗಳಾದವು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾನಿಲಯವಾಯಿತು. ಎರಡೇ ವರ್ಷ ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಅದೂ ಸೇರಿತು. ಹಣವಿಲ್ಲದೆ ತೆರೆದು, ಹಣವಿಲ್ಲವೆಂದು ಮುಚ್ಚಹೊರಡುವ ಈ ಕ್ರಮದ ಪೆಟ್ಟು ಮೊದಲು ಬೀಳುವುದು ಅರ್ಧ ದಾರಿಯಲ್ಲಿರುವ ಸಂಶೋಧನಾರ್ಥಿಯ ಮೇಲೆ.

ದೂರ ಶಿಕ್ಷಣದ ಪಿಎಚ್.ಡಿ.ಯನ್ನು ಯುಜಿಸಿ 2009ರ ನಿಯಮದಲ್ಲೇ ನಿಷೇಧಿಸಿತು. 2022ರ ನವೆಂಬರ್ 7ರ ಹೊಸ ನಿಯಮ ಅದಕ್ಕೆ ‘ಆನ್‌ಲೈನ್’ ಅನ್ನೂ ಸೇರಿಸಿತು. ಅದಕ್ಕೂ ಮೊದಲು, ಅಕ್ಟೋಬರ್ 28ರಂದು, ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಒಟ್ಟಾಗಿ ಎಚ್ಚರಿಸಿದ್ದವು. ಅಮೆರಿಕದಲ್ಲಿ 1970ರಲ್ಲಿ ಹುಟ್ಟಿದ ವಾಲ್ಡನ್‌ನಂಥ ವಿಶ್ವವಿದ್ಯಾನಿಲಯಗಳು ದೂರದಿಂದಲೇ ಡಾಕ್ಟರೇಟ್ ಕೊಡುತ್ತ ಬಂದಿವೆ. ಅಲ್ಲಿನ ಪದ್ಧತಿ ಇಲ್ಲಿನ ನೌಕರಿಗೆ ಒಪ್ಪಿಗೆಯಾಗದು.

2022ರ ನಿಯಮ ಅರೆಕಾಲಿಕ ಸಂಶೋಧನೆಯನ್ನು ಒಪ್ಪುತ್ತದೆ. ನೌಕರಿಯಲ್ಲಿರುವವರು ತಮ್ಮ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕೋರ್ಸ್‌ವರ್ಕ್ ಮುಗಿಸಬೇಕು, ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6; ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು. ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಷ್ಟೇ ಮಾರ್ಗದರ್ಶನ ಮಾಡಬಹುದು. ಹುದ್ದೆಗಳು ಖಾಲಿ ಉಳಿದು ಅತಿಥಿ ಉಪನ್ಯಾಸಕರಿಂದಲೇ ಪಾಠ ನಡೆಯುವ ಕಡೆ ಗೈಡ್ ಸಿಗದಿರುವುದಕ್ಕೆ ಈ ಲೆಕ್ಕವೂ ಒಂದು ಕಾರಣ. ಸೀಟಿಗಿಂತ ಗೈಡ್ ದುರ್ಲಭ ಎಂಬ ಮಾತು ಸಂಶೋಧನಾರ್ಥಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಿದ್ದೂ ಅಂತರಜಾಲ ಈ ಪದವಿಯ ಒಳಹೊಕ್ಕಿದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ವೈವಾವನ್ನು ವಿಡಿಯೊ ಮೂಲಕ ನಡೆಸಲು ಯುಜಿಸಿ ಒಪ್ಪಿತು. 2022ರ ನಿಯಮವೂ ಆ ಅವಕಾಶ ಉಳಿಸಿತು. ‘ಶೋಧಗಂಗಾ’ದಲ್ಲಿ ದೇಶದ ಮಹಾಪ್ರಬಂಧಗಳು ಮನೆಯಲ್ಲೇ ಓದಲು ಸಿಗುತ್ತವೆ. ಅಧ್ಯಾಯಗಳು ವಾಟ್ಸಾಪಿನಲ್ಲಿ ಹೋಗಿ ಬರುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಒಂದು ಹೆಚ್ಚಿನ ತಾಪತ್ರಯ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಡಿಟಿಪಿ ಮಾಡಿಸಿದ ಪ್ರಬಂಧವನ್ನು ಕೃತಿಚೌರ್ಯ ತಪಾಸಣೆಯ ತಂತ್ರಾಂಶ ಕನ್ನಡವೆಂದೇ ಓದದು. ಯುನಿಕೋಡ್‌ಗೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ; ನೂರಾರು ಪುಟಗಳನ್ನು ಮತ್ತೆ ತಿದ್ದಬೇಕು. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಹೋಲಿಕೆ ಶೇ. 10 ಮೀರುವಂತಿಲ್ಲ; ಶೇ. 60 ದಾಟಿದರೆ ನೋಂದಣಿಯೇ ರದ್ದು. ಮೊದಲ ಅಧ್ಯಾಯದಿಂದಲೇ ಯುನಿಕೋಡ್‌ನಲ್ಲಿ ಬರೆಯುವುದೇ ಈ ಅಕ್ಷರದ ತಾಪತ್ರಯಕ್ಕೆ ಮದ್ದು.

ಪಿಎಚ್.ಡಿ. ನೀಡಿಕೆಯಲ್ಲಿ ನಿಯಮ ಮುರಿದ ಕಾರಣಕ್ಕೆ ರಾಜಸ್ಥಾನದ ಓಪಿಜೆಎಸ್, ಸನ್‌ರೈಸ್, ಸಿಂಘಾನಿಯಾ ವಿಶ್ವವಿದ್ಯಾನಿಲಯಗಳು 2025-26ರಿಂದ ಐದು ವರ್ಷ ಹೊಸ ಸಂಶೋಧನಾರ್ಥಿಗಳನ್ನು ಸೇರಿಸಿಕೊಳ್ಳದಂತೆ ಯುಜಿಸಿ 2025ರ ಜನವರಿಯಲ್ಲಿ ತಡೆಯಿತು. ಮನೆಯಲ್ಲೇ ಕೂತು ಡಾಕ್ಟರೇಟ್ ಎಂಬ ಜಾಹೀರಾತು ನೋಡಿದವರು ಶುಲ್ಕ ಕಟ್ಟುವ ಮುಂಚೆ ಗೈಡ್ ಯಾರು, ಯಾವ ವಿಭಾಗದವರು, ಸಲಹಾ ಸಮಿತಿ ಎಲ್ಲಿ ಸೇರುತ್ತದೆ ಎಂಬ ಮೂರನ್ನು ಲಿಖಿತವಾಗಿ ಕೇಳಲಿ. ಉತ್ತರ ಬಾರದಿದ್ದರೆ ಹಣ ಕಟ್ಟದಿರಲಿ.